ಬಾಣಲೆಯ ಎಣ್ಣೆ ಯಾವೂರಿನದು?

ಹಬ್ಬಕ್ಕೆ ಚಕ್ಕುಲಿ ಕರಿಯಲು ಬಾಣಲೆ ಇಟ್ಟಾಗ, ಈ ಎಣ್ಣೆ ಯಾವ ಊರಿನದು ಅಂತ ಎಂದಾದರೂ ಯೋಚಿಸಿದ್ದೀರಾ? ನಾನಂತೂ ಯೋಚಿಸಿರಲಿಲ್ಲ. ಅಂಗಡಿಯಾತ ಕೊಟ್ಟ ಪ್ಯಾಕೆಟ್ಟು, ಅದರ ಬೆಲೆ, ಅಷ್ಟೇ ನನ್ನ ಲೆಕ್ಕ.

2022ರ ಬೇಸಿಗೆ ನಿಮಗೆ ನೆನಪಿರಬೇಕು. ಫೆಬ್ರವರಿಯಲ್ಲಿ ಉಕ್ರೇನಿನ ಯುದ್ಧ ಜೋರಾಗಿ ಸೂರ್ಯಕಾಂತಿ ಎಣ್ಣೆ ಬರುವ ದಾರಿ ಕಟ್ಟಿತು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾದವರು, ತಮ್ಮ ಜನಕ್ಕೇ ತುಟ್ಟಿಯಾಯಿತೆಂದು, ತಾಳೆ ಎಣ್ಣೆ ಹೊರಗೆ ಕಳಿಸುವುದನ್ನು ಮೂರು ವಾರಕ್ಕೂ ಹೆಚ್ಚು ಕಾಲ ನಿಲ್ಲಿಸಿಬಿಟ್ಟರು. ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುವುದು. ಎಲ್ಲೋ ಸಮುದ್ರದಾಚೆ ಬಾಗಿಲು ಹಾಕಿದರೆ ಇಲ್ಲಿ ನಮ್ಮ ಮನೆಯ ತಿಂಗಳ ಲೆಕ್ಕ ತಲೆಕೆಳಗಾಯಿತು.

ಅದೇ ದಿನಗಳಲ್ಲಿ ತವರಿಗೆ ಹೋಗಿದ್ದೆ. ನನ್ನ ತವರು ಚಳ್ಳಕೆರೆ ಕಡೆ. "ಎಣ್ಣೆ ಇಷ್ಟು ತುಟ್ಟಿಯಾದ್ರೆ ಸಂಸಾರ ಮಾಡೋದು ಹೆಂಗೋ?" ಅಂತ ತಮ್ಮನ ಹತ್ತಿರ ಗೊಣಗಿದೆ. ಅವನು ತಲೆ ಎತ್ತದೆ, "ಅಕ್ಕಾ, ನಮ್ಮ ಶೇಂಗಾಕ್ಕೆ ರೇಟಿಲ್ಲದಾಗ ನಿನ್ನ ಅಡುಗೆಮನೇಲಿ ಯಾವ ಎಣ್ಣೆ ಇತ್ತು?" ಅಂದ.

ನನ್ನ ಬಾಯಿ ಕಟ್ಟಿಹೋಯಿತು.

ನಾನು ಚಿಕ್ಕವಳಿದ್ದಾಗ ನಮ್ಮ ಹೊಲದ ತುಂಬ ಶೇಂಗಾ. ಎಣ್ಣೆ ಗಿರಣಿಗಳಿಂದಲೇ ಚಳ್ಳಕೆರೆಗೆ ಹೆಸರು. 1986ರಲ್ಲಿ ಸರ್ಕಾರ ಎಣ್ಣೆಬೀಜಗಳಿಗಾಗಿಯೇ ಒಂದು ಯೋಜನೆ ತಂದು, 1990ರ ದಶಕದ ಆರಂಭಕ್ಕೆ ದೇಶಕ್ಕೆ ಬೇಕಾದ ಎಣ್ಣೆ ಬಹುಪಾಲು ಇಲ್ಲೇ ಆಗುತ್ತಿತ್ತು. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆಯಿತು, ಆಮೇಲೆ ಸುಂಕವೂ ಇಳಿಯಿತು. ಅಗ್ಗದ ಎಣ್ಣೆ ಬಂತೆಂದು ನಾವು ಹೆಂಗಸರು ಸಂತೋಷಪಟ್ಟೆವು. ಕೈ ಬಿಗಿಯಿದ್ದ ಸಂಸಾರಗಳಿಗೆ ಅದು ಆಸರೆಯಾದದ್ದೂ ಸುಳ್ಳಲ್ಲ.

ಹೊರಗಿನಿಂದ ಆಹಾರ ತಂದರೆ ಅದನ್ನು ಬೆಳೆಯುವ ನೀರೂ ನೆಲವೂ ನಮಗೆ ಉಳಿಯುತ್ತದೆ ಎಂದು ತಿಳಿದವರು ಹೇಳುತ್ತಾರೆ. ಮರಳುಗಾಡಿನ ದೇಶಕ್ಕೆ ಈ ಮಾತು ಸರಿ. ಸೌದಿ ಅರೇಬಿಯಾದವರು ನೆಲದಾಳದ ನೀರೆತ್ತಿ ಗೋಧಿ ಬೆಳೆದರು. ನೀರು ಬತ್ತುತ್ತಾ ಬಂದಾಗ 2008ರಿಂದ ಕಡಿಮೆ ಮಾಡಿ, 2016ರಲ್ಲಿ ಸರ್ಕಾರ ತಮ್ಮ ರೈತರ ಗೋಧಿ ಕೊಳ್ಳುವುದನ್ನೇ ನಿಲ್ಲಿಸಿತು.

ಆದರೆ ನಮ್ಮ ಹೊಲದಲ್ಲಿ ಉಳಿದ ನೀರೆಲ್ಲಿ? ಶೇಂಗಾ ಮಳೆ ನಂಬಿ ನಾಲ್ಕು ತಿಂಗಳಲ್ಲಿ ಬರುವ ಬೆಳೆ. ಬೇರು ನೆಲಕ್ಕೆ ಸಾರ ಕೊಡುತ್ತದೆ, ಹೊಟ್ಟೂ ಹಿಂಡಿಯೂ ದನಕ್ಕೆ. ಅದು ಗಿಟ್ಟದೆ ತಮ್ಮ ಅಡಿಕೆ ಹಾಕಿದ. ಅಡಿಕೆಗೆ ವರ್ಷವಿಡೀ ನೀರು ಬೇಕು. ಮೂರು ಬೋರು ಹಾಕಿಸಿದ, ಎರಡರಲ್ಲಿ ಬರೀ ದೂಳು. ನಾದಿನಿಯ ಬಳೆಗಳು ಬ್ಯಾಂಕು ಸೇರಿದವು. ಅತ್ತ ತಾಳೆ ತೋಟಕ್ಕಾಗಿ ಸುಮಾತ್ರಾ, ಬೋರ್ನಿಯೋ ದ್ವೀಪಗಳ ಕಾಡೂ ಹೋಯಿತು. ಅಗ್ಗದ ಎಣ್ಣೆಯ ಬೆಲೆಯನ್ನು ನಾನು ಕೊಡಲಿಲ್ಲ, ನನ್ನ ತಮ್ಮ ಕೊಟ್ಟ.

ಹಾಗಂತ ಹೊರಗಿನದೇನೂ ಬೇಡವೆಂದು ನಾನು ಹೇಳುತ್ತಿಲ್ಲ. ಮಳೆ ಕೈಕೊಟ್ಟ ವರ್ಷ ತರಲೇಬೇಕು. ಆದರೆ ನಮ್ಮ ಮಳೆಗೆ ಬೆಳೆಯುವುದನ್ನು ನಮ್ಮ ರೈತ ಕೈಬಿಡುವಂತೆ ಮಾಡಿಕೊಂಡರೆ, ನಾಳೆ ಪರರು ಬಾಗಿಲು ಹಾಕಿದ ದಿನ ಯಾರ ಮನೆಗೆ ಹೋಗೋಣ?

ಆ ವರ್ಷದ ದೀಪಾವಳಿಯಿಂದ ನಮ್ಮ ಮನೆಯಲ್ಲಿ ಒಂದು ಬದಲಾವಣೆ. ತಿಂಗಳಿಗೆ ನಾಲ್ಕು ಲೀಟರ್ ಇದ್ದದ್ದು ಮೂರಾಗಿದೆ. ಕರಿಯುವುದು ಹಬ್ಬಕ್ಕೆ ಮಾತ್ರ. ಉಳಿದ ದುಡ್ಡಿನಲ್ಲಿ ಒಂದು ಲೀಟರ್ ಗಾಣದ ಶೇಂಗಾ ಎಣ್ಣೆ. ಅದು ದುಬಾರಿ, ಪೂರಾ ಅದೇ ಕೊಳ್ಳಲು ನನಗೂ ಆಗದು. ಒಗ್ಗರಣೆಗೆ ಸಾಕು. ಮನೆಯವರು ಮೊದಮೊದಲು ಮೂಗು ಮುರಿದರು, ಈಗ ಚಟ್ನಿಪುಡಿಗೆ ಅದನ್ನೇ ಕೇಳುತ್ತಾರೆ.

ತಮ್ಮ ಕಳೆದ ಮುಂಗಾರಿಗೆ ಎರಡೆಕರೆ ಶೇಂಗಾ ಬಿತ್ತಿದ್ದಾನೆ. ನನ್ನ ಒಂದು ಲೀಟರಿನಿಂದ ಅವನ ಸಾಲ ತೀರದು, ಗೊತ್ತು. ಆದರೂ ಈಗ ಅವನ ಪ್ರಶ್ನೆಗೆ ಉತ್ತರ ಕೊಡಬಲ್ಲೆ.

ನೀವೂ ಇವತ್ತು ಪ್ಯಾಕೆಟ್ಟಿನ ಹಿಂಬದಿ ಒಮ್ಮೆ ಓದಿ ನೋಡ್ತೀರಾ?