ಅತ್ತೆಯವರ ಸೀಟು

ನಮ್ಮವರು ಹಳೆಯ ಡೀಸೆಲ್ ಇನ್ನೋವಾ ಕೊಂಡಾಗ ನಾನು ಮುಖ ಊದಿಸಿಕೊಂಡೆ. ಕಬ್ಬಿನ ಬಿಲ್ಲಿನಲ್ಲಿ ಬಳೆ ಮಾಡಿಸುವ ಮಾತಾಗಿತ್ತಲ್ಲ! 2005ರಲ್ಲಿ ಬಿಡದಿಯಿಂದ ಹೊರಬಂದ ಮಾದರಿ, 2494 ಸಿ.ಸಿ. ಎಂಜಿನ್, 102 ಅಶ್ವಶಕ್ತಿ, ಎಂಟು ಸೀಟು ಎಂದು ಪಾಠ ಒಪ್ಪಿಸಿದರು. ನನಗಿದ್ದುದು ಒಂದೇ ಚಿಂತೆ: ಸೊಂಟ ಮುರಿದು ಎರಡು ವರ್ಷ ಹೊಸ್ತಿಲು ದಾಟದ ಅತ್ತೆಯವರು ಇದನ್ನು ಹತ್ತಬಲ್ಲರೇ?

ಭಾರತ ಹುಣ್ಣಿಮೆ ಮುಗಿದ ಮೇಲೆ ಹುನ್ನೂರಿನಿಂದ ಸವದತ್ತಿ ಎಲ್ಲಮ್ಮನಿಗೆ ಹೊರಟೆವು. ಜೀಪಿನಂತೆ ಏರಬೇಕಿಲ್ಲ, ಸಣ್ಣ ಕಾರಿನಂತೆ ಕುಸಿದು ಕೂರಬೇಕಿಲ್ಲ. ನಡುವಿನ ಸೀಟು ಸೊಂಟದ ಮಟ್ಟಕ್ಕೇ ಸಿಕ್ಕಿತು. ಹಿಂದಿನ ಸಾಲಿನಲ್ಲಿ ಕುಳಿತ ನಮಗೆ ಮಾತ್ರ ಒಂದು ತಗ್ಗೂ ತಪ್ಪಲಿಲ್ಲ, ಬಿಡಿ.

ಮುಧೋಳದ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಅಡ್ಡ. ಎಕ್ಸಲರೇಟರ್ ಒತ್ತಿದರೂ ಈ ಗಾಡಿ ಒಂದು ಗಳಿಗೆ ಯೋಚಿಸುತ್ತದೆ. ಟರ್ಬೊ ಎಚ್ಚೆತ್ತ ಮೇಲೆಯೇ ಜಗ್ಗುವುದು. ನಮ್ಮವರು ಗೇರು ಇಳಿಸಿ, ಎದುರು ದಾರಿ ಖಾಲಿಯಾಗುವ ತನಕ ಕಾದರು. ಗುಡ್ಡದ ಏರಿನಲ್ಲಿ ಎಂಟು ಮಂದಿ, ಮೇಲೆ ರೊಟ್ಟಿ ಬುತ್ತಿ! ನೂಕುವುದು ಹಿಂದಿನ ಗಾಲಿಗಳಾದ್ದರಿಂದ ತುಂಬಿದ ಭಾರವೇ ಅವಕ್ಕೆ ಹಿಡಿತ ಕೊಟ್ಟಿತಂತೆ. ಗುಡುಗುಡು ಅಂದಿತೇ ಹೊರತು ಏದುಸಿರು ಬಿಡಲಿಲ್ಲ.

ಮೇಲೆ ನಿಂತಾಗ ಕೈ ಕೊಡಲು ಓಡಿದೆ. ಅತ್ತೆಯವರು ಆಗಲೇ ಬಾಗಿಲು ತೆಗೆದಿದ್ದರು.

"ಸರಿ ಅತ್ತಾಗ, ನಾನ ಇಳೀತೇನಿ."