ಹಾಲುವಾಣದ ಹೂವೂ ಮಂಗಟ್ಟೆಯ ಗೂಡೂ

ಕೊಡಗಿನಲ್ಲಿ ವಸಂತವು ಪಂಚಾಂಗವನ್ನು ನೋಡಿ ಬರುವುದಿಲ್ಲ. ಚೈತ್ರಕ್ಕೆ ಇನ್ನೂ ತಿಂಗಳಿರುವಾಗಲೇ, ಕುಂಭಮಾಸದಲ್ಲಿ, ಕಾಫಿತೋಟದ ಹಾಲುವಾಣಗಳು ಎಲೆಯುದುರಿಸಿ ಕೆಂಪಾಗಿಬಿಡುತ್ತವೆ. ಸಂಸ್ಕೃತದ ಪಾರಿಭದ್ರವು ಇದೇ. ಬೆಳಗ್ಗೆ ಅದರ ಬುಡದಲ್ಲಿ ನಿಂತರೆ ಸಾಕು. ಮೈನಾ, ಗಿಣಿ, ಸೂರಕ್ಕಿಗಳೆಲ್ಲ ಮಕರಂದಕ್ಕಾಗಿ ಅಲ್ಲಿಗೇ ಬರುವುವು. ಭೀಮರಾಜನು ಬಾಲದ ಎರಡು ನೀಳ ಗರಿಗಳನ್ನು ತೂಗಿಸುತ್ತ ಅವುಗಳ ಕೂಗನ್ನೇ ಅಣಕಿಸುವನು.

ಕೆಳಗೆ ಕೊಯ್ಲು ಮುಗಿದ ಗದ್ದೆ. ಮೊಟ್ಟೆಯಿಡಲು ಬರಿಯ ನೆಲವನ್ನೇ ಆರಿಸುವ ಟಿಟ್ಟಿಭವು ಅಲ್ಲಿ ಹತ್ತಿರ ಹೋದವರನ್ನೆಲ್ಲ ಗದರಿಸುತ್ತದೆ. ಸಮುದ್ರದೊಡನೆ ಸೆಣಸಿದ ಪಂಚತಂತ್ರದ ಹಕ್ಕಿಯಲ್ಲವೇ!

ಆದರೆ ನೋಡತಕ್ಕ ಸಂಗತಿ ಮಂಗಟ್ಟೆಯದು. ಪಶ್ಚಿಮಘಟ್ಟದ ಹೊರಗೆ ಎಲ್ಲಿಯೂ ಇಲ್ಲದ ಬೂದು ಮಂಗಟ್ಟೆಯ ಹೆಣ್ಣು ಈ ದಿನಗಳಲ್ಲಿ ಹಳೆಯ ಮರದ ಪೊಟರೆಯನ್ನು ಹೊಕ್ಕು, ಅದರ ಬಾಯನ್ನು ಒಳಗಿನಿಂದಲೇ ಹಿಕ್ಕೆಯಿಂದ ಮೆತ್ತಿ, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ವಾರಗಟ್ಟಲೆ ಗಂಡೇ ಆಹಾರವನ್ನು ತಂದುಕೊಡಬೇಕು. ಈಗ ಮೆಣಸಿನ ಬಳ್ಳಿಗೂ ಮರದ ಬೆಲೆಗೂ ಒದಗುವುದೆಂದು ಆಸ್ಟ್ರೇಲಿಯದ ಸಿಲ್ವರ್ ಓಕನ್ನು ಸಾಲಾಗಿ ನೆಟ್ಟು, ಕಾಡುಮರಗಳನ್ನು ತೆಗೆಯುವ ತೋಟಗಳುಂಟು. ಬೆಳೆಗಾರನಿಗೂ ಸಂಸಾರವಿದೆ, ಅವನನ್ನು ದೂರಲಾರೆ. ಆದರೆ ಆ ಮರದಲ್ಲಿ ಹಕ್ಕಿ ತಿನ್ನುವ ಹಣ್ಣಿಲ್ಲ, ಪೊಟರೆಯೂ ಸಿಕ್ಕದು. ಮಂಗಟ್ಟೆ ತಾನೇ ಪೊಟರೆಯನ್ನು ಕೊರೆಯಲಾರದು. ಮರಕ್ಕೆ ಮುಪ್ಪು ಬಂದ ಮೇಲೆಯೇ ಅದು ದೊರೆಯತಕ್ಕದ್ದು. ಈ ಕಾಲದಲ್ಲಿ ಕೊಡಲಿಯಿಟ್ಟರೆ ಒಳಗಿನ ತಾಯಿಯೂ ಮರಿಗಳೂ ಮರದೊಡನೆಯೇ ಹೋಗುವುವು.

ಗಂಡು ಮಂಗಟ್ಟೆಯು ಗೋಳಿಹಣ್ಣನ್ನು ಹೊತ್ತು ಒಂದೇ ಮರಕ್ಕೆ ಮತ್ತೆಮತ್ತೆ ಹೋಗುತ್ತಿದ್ದರೆ, ತೋಟದವರು ಆ ಮರವನ್ನು ಗುರುತಿಟ್ಟು ಬಿಟ್ಟುಬಿಡಬೇಕು. ಮುಂದಿನ ಕುಂಭದಲ್ಲಿಯೂ ಅವು ಅದೇ ಪೊಟರೆಗೆ ಬರುವುದುಂಟು.