ಒಂದು ಹನಿ ರಕ್ತದ ಬೆನ್ನು ಹತ್ತಿ

ಗದ್ದನಕೇರಿ ಕ್ರಾಸ್ ಬಿಟ್ಟು ವಿಜಯಪುರದ ದಾರಿ ಹಿಡಿದರೆ ಘಟಪ್ರಭೆಯ ಸೇತುವೆ, ಅಲ್ಲೇ ಅನಗವಾಡಿ. ಬೆಳಗಿನ ಏಳು ಗಂಟೆ. ಹೆದ್ದಾರಿಯ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಫ್ಯಾಕ್ಟರಿಯ ಕಡೆ ಹೊರಟಿವೆ. ನೀವು ಒಂದು ಮನೆಯ ಕಟ್ಟೆಯ ಮೇಲೆ ಕೂತಿದ್ದೀರಿ. ಎದುರಿಗೆ ಎಪ್ಪತ್ತರ ಆಸುಪಾಸಿನ ಅಜ್ಜ. ಅವರ ಬಲಗೈ ತೊಡೆಯ ಮೇಲಿದೆ, ಹೆಬ್ಬೆರಳು ತೋರುಬೆರಳಿನ ಮೇಲೆ ಒಂದೇ ಲಯದಲ್ಲಿ ಉರುಳುತ್ತಿದೆ, ಸೆಕೆಂಡಿಗೆ ನಾಲ್ಕೈದು ಸಲ. ಸೊಸೆ ಚಹಾ ತಂದಿಟ್ಟಾಗ ಅಜ್ಜ ಕಪ್ಪಿಗೆ ಕೈ ಚಾಚುತ್ತಾರೆ. ನಡುಕ ಗಕ್ಕನೆ ನಿಲ್ಲುತ್ತದೆ. ಕಪ್ಪು ಕೆಳಗಿಟ್ಟು ಕೈ ತೊಡೆಗೆ ಮರಳಿತೋ, ಮತ್ತೆ ಶುರು.

ನರ್ಸಬಾಯಿ ಚೀಲದಿಂದ ಶುಗರ್ ಮಷಿನ್ ತೆಗೆಯುತ್ತಾರೆ. "ಕೈ ಇತ್ತ ಕೊಡ್ರಿ ಅಜ್ಜಾರ. ಅದಲ್ರಿ, ಎಡಗೈ. ಆ ಕೈ ನಿಂದ್ರವಲ್ದು." ಸೂಜಿ ಚುಚ್ಚುತ್ತದೆ. ಬೆರಳ ತುದಿಯಲ್ಲಿ ಸಾಸಿವೆಯಷ್ಟು ರಕ್ತ ಉಬ್ಬಿ ಬರುತ್ತದೆ, ಪಟ್ಟಿಯ ಅಂಚು ಅದನ್ನು ಹೀರಿಕೊಳ್ಳುತ್ತದೆ. ಪಟ್ಟಿಯಲ್ಲಿ ಒಣಗಿಸಿಟ್ಟ ಕಿಣ್ವ ಗ್ಲೂಕೋಸಿನಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಆ ಹರಿವನ್ನು ಅಳೆದು ಯಂತ್ರ ಅಂಕಿ ತೋರಿಸುತ್ತದೆ: 168. ಖಾಲಿ ಹೊಟ್ಟೆಯ ಶುಗರ್.

"ಶುಗರ್ ಜಾಸ್ತಿ ಆಗೇತಿ, ಅದಕ್ಕ ಕೈ ನಡಗಾಕ ಹತ್ತೇತೇನ್ರಿ?" ಎಂದು ಸೊಸೆ ಕೇಳುತ್ತಾರೆ.

"ಶುಗರ್ ಒಮ್ಮಿಗೇ ಇಳದ್ರ ನಡುಕ ಬರತೈತ್ರಿ ಅಕ್ಕಾರ. ಇದು ಬ್ಯಾರೆ ಅನಸತೈತಿ. ಬಾಗಲಕೋಟಿಗೆ ಕರಕೊಂಡ ಹೋಗ್ರಿ."

ನರ್ಸಬಾಯಿ ಹೇಳಿದ್ದು ಸರಿ. ಆದರೆ ಸೊಸೆಯ ಪ್ರಶ್ನೆಯನ್ನು ಅಲ್ಲಿಗೇ ಬಿಡುವಂತಿಲ್ಲ. ಸಕ್ಕರೆ ಕಾಯಿಲೆಗೂ ಈ ಬಗೆಯ ನಡುಕ ತರುವ ಪಾರ್ಕಿನ್ಸನ್ ರೋಗಕ್ಕೂ ನಂಟಿದೆಯೇ ಎಂದು ಲಂಡನ್, ಬೋರ್ಡೋ ನಗರಗಳ ಪ್ರಯೋಗಾಲಯಗಳು ವರ್ಷಗಟ್ಟಲೆ ಕೇಳಿಕೊಂಡಿವೆ. ಸಕ್ಕರೆ ಕಾಯಿಲೆ ಇದ್ದವರಿಗೆಲ್ಲ ಪಾರ್ಕಿನ್ಸನ್ ಬರುವುದಿಲ್ಲ, ಬಹುಪಾಲು ಮಂದಿಗೆ ಬರುವುದೇ ಇಲ್ಲ. ಆದರೂ ಅವರಲ್ಲಿ ಅಪಾಯ ಸ್ವಲ್ಪ ಹೆಚ್ಚು, ಎರಡೂ ಇದ್ದವರಲ್ಲಿ ರೋಗದ ಓಟ ತುಸು ಬಿರುಸು ಎಂದು ಹಲವು ಅಧ್ಯಯನಗಳು ಕಂಡಿವೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಅಪಾಯ ಸಣ್ಣದೇ ಇರಲಿ, ಇಷ್ಟು ಜನರ ನಡುವೆ ಅದು ಸಣ್ಣ ಮಾತಲ್ಲ.

ಈಗ ಆ ಹನಿ ಹೊರಬಂದ ದೇಹದೊಳಕ್ಕೇ ಇಳಿಯಿರಿ. ನಡುಮಿದುಳಿನಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಪಟ್ಟಿಯಿದೆ. ಇಲ್ಲಿನ ನರಕೋಶಗಳು ಡೋಪಮಿನ್ ತಯಾರಿಸುತ್ತವೆ. ಅವು ಸಾಯುತ್ತ ಹೋದಂತೆ ಚಲನೆ ನಿಧಾನವಾಗುತ್ತದೆ, ಕೈಕಾಲು ಬಿಗಿಯುತ್ತದೆ, ನಡುಕ ಹತ್ತುತ್ತದೆ. ಮೇದೋಜೀರಕದಿಂದ ಹೊರಟ ಇನ್ಸುಲಿನ್ ಇಲ್ಲಿಯವರೆಗೂ ಬರುತ್ತದೆ. ಕೋಶದ ಮೈಮೇಲಿನ ಗ್ರಾಹಕಕ್ಕೆ ಅದು ಅಂಟಿದ ಕೂಡಲೇ ಒಳಗಿರುವ ಐಆರ್‌ಎಸ್-1 ಎಂಬ ಪ್ರೋಟೀನಿನ ಟೈರೋಸಿನ್ ಜಾಗಗಳಲ್ಲಿ ಫಾಸ್ಫೇಟ್ ಕೂರಬೇಕು. ಆಗ ಸಂದೇಶ ಎಕೆಟಿ ಎಂಬ ಕಿಣ್ವಕ್ಕೆ ದಾಟುತ್ತದೆ, ಎಕೆಟಿ ಕೋಶವನ್ನು ಉಳಿಸುವ ಕೆಲಸಗಳಿಗೆ ಚಾಲನೆ ಕೊಡುತ್ತದೆ. ಉರಿಯೂತ ಹೆಚ್ಚಿದಾಗ ಫಾಸ್ಫೇಟ್ ತಪ್ಪು ಜಾಗದಲ್ಲಿ, ಅಂದರೆ 312ನೆಯ ಸೆರಿನ್‌ನಂಥ ಕಡೆ ಕೂರುತ್ತದೆ. ಸಂದೇಶ ಅಲ್ಲಿಗೇ ನಿಂತಿತು. ಕಾಲುವೆಗೆ ನೀರು ಬಿಟ್ಟಿದ್ದಾರೆ, ಹೊಲದ ತೂಬು ಮಾತ್ರ ತೆರೆಯುತ್ತಿಲ್ಲ. ಪಾರ್ಕಿನ್ಸನ್‌ನ ದಾಯಾದಿ ರೋಗವಾದ ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯಿಂದ ತೀರಿಕೊಂಡವರ ಮಿದುಳಿನಲ್ಲಿ ಈ ತಪ್ಪು ಗುರುತು ಹೆಚ್ಚಾಗಿರುವುದನ್ನು ಬೋರ್ಡೋದ ಸಂಶೋಧಕರು 2017ರಲ್ಲಿ ವರದಿ ಮಾಡಿದರು.

168 ಎಂಬ ಅಂಕಿ ಇದಾವುದನ್ನೂ ಹೇಳುವುದಿಲ್ಲ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂಬುದು ಒಂದು ಪ್ರಶ್ನೆ. ಇನ್ಸುಲಿನ್ನಿನ ಮಾತು ಮಿದುಳಿನ ಕೋಶಕ್ಕೆ ಕೇಳಿಸುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದಕ್ಕೂ ರಕ್ತದಲ್ಲೇ ಉತ್ತರ ಹುಡುಕುವ ಪ್ರಯತ್ನವನ್ನು ನಾನು ಈ ಕಾಲದ ದೊಡ್ಡ ಕೆಲಸಗಳಲ್ಲಿ ಒಂದೆಂದು ಎಣಿಸುತ್ತೇನೆ.

ಬಾಗಲಕೋಟೆ, ನವನಗರದ ಒಂದು ಆಸ್ಪತ್ರೆ. ಅಜ್ಜ ಒಳಗೆ ನಡೆದು ಬರುವುದನ್ನು ಡಾಕ್ಟರು ಬಾಗಿಲಿನಿಂದಲೇ ನೋಡುತ್ತಿದ್ದಾರೆ: ಎಡಗೈ ಬೀಸುತ್ತಿದೆ, ಬಲಗೈ ಬೀಸುತ್ತಿಲ್ಲ. ಹೆಬ್ಬೆರಳಿಗೆ ತೋರುಬೆರಳು ಬಡಿಯಲು ಹೇಳುತ್ತಾರೆ. ಮೊದಲ ನಾಲ್ಕು ಬಡಿತ ಅಗಲವಾಗಿವೆ. ಹತ್ತನೆಯ ಹೊತ್ತಿಗೆ ಬೆರಳು ಮೇಲೇಳುವುದೇ ಕಷ್ಟ. ಮೊಣಕೈ ಮಡಿಸಿ ಬಿಡಿಸಿದರೆ ಹಲ್ಲುಚಕ್ರ ತಿರುಗಿಸಿದ ಹಾಗೆ ತಡೆತಡೆದು ಬರುತ್ತದೆ. ಮಲಗಿಸಿ ಬಿಪಿ, ನಿಲ್ಲಿಸಿ ಬಿಪಿ: ನಿಂತಾಗ 20ಕ್ಕಿಂತ ಹೆಚ್ಚು ಇಳಿದಿದ್ದರೆ ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯ ಅನುಮಾನಕ್ಕೆ ಬಲ ಬರುತ್ತಿತ್ತು. ಇಳಿದಿಲ್ಲ. ಕಣ್ಣಗುಡ್ಡೆ ಮೇಲೆ ಕೆಳಗೆ ಸರಾಗ ಆಡುತ್ತಿದೆ. ಮನೆಯಲ್ಲಿ ಏನಾದರೂ ಗಮನಿಸಿದ್ದೀರಾ ಎಂದರೆ, ಉಳ್ಳಾಗಡ್ಡಿ ಒಗ್ಗರಣೆಯ ವಾಸನೆ ಅಜ್ಜನಿಗೆ ಎಷ್ಟೋ ವರ್ಷದಿಂದ ಹತ್ತುತ್ತಿಲ್ಲ, ನಿದ್ದೆಯಲ್ಲಿ ಕೂಗುತ್ತಾರೆ, ಕೈ ಬೀಸಿ ಹೊಡೆಯುತ್ತಾರೆ ಎನ್ನುತ್ತಾರೆ ಸೊಸೆ. ನಡುಕಕ್ಕಿಂತ ಹತ್ತಾರು ವರ್ಷ ಮೊದಲೇ ಕಾಣಿಸಿಕೊಳ್ಳಬಲ್ಲ ಗುರುತುಗಳಿವು.

ಮಗ ಕೇಳುತ್ತಾನೆ: "ರಕ್ತಾ ತಪಾಸ್ ಮಾಡಿದ್ರ ಪಕ್ಕಾ ಗೊತ್ತಾಗಂಗಿಲ್ಲೇನ್ರಿ ಸರ?"

ಪಾರ್ಕಿನ್ಸನ್ ಹೌದು ಎಂದು ಮುದ್ರೆ ಒತ್ತುವ ರಕ್ತಪರೀಕ್ಷೆ ನಿತ್ಯದ ಬಳಕೆಗೆ ಇನ್ನೂ ಬಂದಿಲ್ಲ. ಹತ್ತಿರ ಬಂದಿರುವುದು ನ್ಯೂರೋಫಿಲಮೆಂಟ್ ಲೈಟ್ ಚೈನ್. ನರತಂತುಗಳಿಗೆ ಆಧಾರವಾಗಿರುವ ಪ್ರೋಟೀನಿದು, ತಂತು ಹರಿದಾಗ ಸೋರಿ ರಕ್ತಕ್ಕೆ ಬರುತ್ತದೆ. ರಕ್ತವನ್ನು ನೇರಳೆ ಮುಚ್ಚಳದ ನಳಿಕೆಗೆ ತುಂಬಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ: ಕೆಂಪು ಕಣಗಳು ತಳಕ್ಕಿಳಿದು ಮೇಲೆ ತಿಳಿಹಳದಿ ಪ್ಲಾಸ್ಮಾ ನಿಲ್ಲುತ್ತದೆ. ಅದರ ಒಂದು ಮಿಲಿಲೀಟರಿನಲ್ಲಿ ಈ ಪ್ರೋಟೀನು ಸಿಗುವುದು ಹತ್ತಾರು ಪಿಕೋಗ್ರಾಂ ಅಷ್ಟೇ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಹತ್ತಾರು ಪಾಲು. ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯಲ್ಲಿ ಅದು ಏರುತ್ತದೆ, ಸಾಮಾನ್ಯ ಪಾರ್ಕಿನ್ಸನ್‌ನಲ್ಲಿ ಅಷ್ಟಾಗಿ ಏರುವುದಿಲ್ಲ ಎಂದು 2017ರಲ್ಲಿ ಸ್ವೀಡನ್ ನೇತೃತ್ವದ ತಂಡ ತೋರಿಸಿತು. ಆದರೆ ವಯಸ್ಸಾದರೂ ಏರುತ್ತದೆ, ಕಿಡ್ನಿ ಸೋತರೂ ಏರುತ್ತದೆ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೊರಗಿದ ಅಜ್ಜಂದಿರು ಎಷ್ಟಿದ್ದಾರೆ ಎಂದು ನೆನೆದರೆ ಈ ಅಂಕಿಯನ್ನು ಎಷ್ಟು ಎಚ್ಚರದಿಂದ ಓದಬೇಕೆಂದು ತಿಳಿಯುತ್ತದೆ.

ಇನ್ಸುಲಿನ್ನಿನ ಕತೆ ಇನ್ನೂ ರೋಚಕ. ಗಿಲಾ ಮಾನ್‌ಸ್ಟರ್ ಎಂಬ ಅಮೆರಿಕದ ವಿಷಹಲ್ಲಿಯ ಜೊಲ್ಲಿನಲ್ಲಿ ಸಿಕ್ಕ ಅಣುವೇ ಎಕ್ಸೆನಟೈಡ್ ಎಂಬ ಸಕ್ಕರೆ ಕಾಯಿಲೆಯ ಮದ್ದಾಯಿತು. ಲಂಡನ್ನಿನಲ್ಲಿ 62 ಪಾರ್ಕಿನ್ಸನ್ ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಅರ್ಧದಷ್ಟು ಜನರಿಗೆ ಅದನ್ನು ವಾರಕ್ಕೊಮ್ಮೆ 48 ವಾರ ಚುಚ್ಚಿದರು. ಮದ್ದು ನಿಲ್ಲಿಸಿ 12 ವಾರವಾದ ಮೇಲೂ ಅವರ ಚಲನೆ ಉಳಿದವರಿಗಿಂತ ಮೇಲಿತ್ತು. 2019ರಲ್ಲಿ ಅದೇ ರೋಗಿಗಳ ರಕ್ತದಿಂದ, ನರಕೋಶಗಳು ಉದುರಿಸಿದವು ಎಂದು ನಂಬಲಾದ ಸೂಕ್ಷ್ಮ ಪೊಟ್ಟಣಗಳನ್ನು ಹೆಕ್ಕಿ ಒಳಗಿನ ಐಆರ್‌ಎಸ್-1 ನೋಡಿದರು. ಮದ್ದು ಪಡೆದವರಲ್ಲಿ ಟೈರೋಸಿನ್ ಗುರುತು ಹೆಚ್ಚಿತ್ತು. ತೂಬು ತೆರೆದಂತೆಯೇ ಕಂಡಿತು. ಎಷ್ಟೊಂದು ಆಸೆ ಹುಟ್ಟಿತ್ತು ಆಗ! ಆದರೆ 2021ರಲ್ಲಿ ಬೇರೊಂದು ತಂಡ, ಆ ಪೊಟ್ಟಣಗಳನ್ನು ಹಿಡಿಯಲು ಬಳಸುವ ಪ್ರೋಟೀನು ಪೊಟ್ಟಣಕ್ಕೇ ಅಂಟಿಕೊಂಡಿರುವುದಿಲ್ಲ, ರಕ್ತದಲ್ಲಿ ಬಿಡಿಯಾಗಿ ಓಡಾಡುತ್ತದೆ ಎಂದು ತೋರಿಸಿತು. 2025ರ ಆರಂಭದಲ್ಲಿ 194 ರೋಗಿಗಳ, 96 ವಾರಗಳ ದೊಡ್ಡ ಪರೀಕ್ಷೆಯ ಫಲಿತಾಂಶ ಹೊರಬಿತ್ತು: ಎಕ್ಸೆನಟೈಡ್‌ನಿಂದ ಲಾಭ ಕಾಣಲಿಲ್ಲ. ಅದರ ಹಿಂದಿನ ವರ್ಷವಷ್ಟೇ ಫ್ರಾನ್ಸಿನಲ್ಲಿ 156 ರೋಗಿಗಳ ಮೇಲೆ ಅದೇ ಜಾತಿಯ ಲಿಕ್ಸಿಸೆನಟೈಡ್ ಸಣ್ಣದೊಂದು ಲಾಭ ತೋರಿಸಿತ್ತು, ಜತೆಗೆ ಮದ್ದು ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೊಟ್ಟೆ ತೊಳಸು ತಂದಿತ್ತು. ಬಾಗಿಲು ಮುಚ್ಚಿತೆಂದು ನಾನು ಹೇಳಲಾರೆ. ಯಾರ ಕೋಶದಲ್ಲಿ ಸಂದೇಶ ನಿಂತಿದೆ ಎಂದು ಮೊದಲೇ ಆರಿಸದೆ ಎಲ್ಲರಿಗೂ ಮದ್ದು ಕೊಟ್ಟರೆ ಗುಣ ಕಾಣುವುದು ಕಷ್ಟ. ಆರಿಸಲು ನಂಬಿಕಸ್ಥ ರಕ್ತಪರೀಕ್ಷೆ ಬೇಕು.

ಆ ಪರೀಕ್ಷೆಯ ಅಳತೆಗೋಲು ಯಾರ ರಕ್ತದಿಂದ ತಯಾರಾಗಬೇಕು? 1998ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಉದಯ ಮುಥಾನೆ, ಟಿ.ಸಿ. ಯಶಾ, ಎಸ್.ಕೆ. ಶಂಕರ್ ಅವರು ಆರೋಗ್ಯವಂತ ಭಾರತೀಯರ ಮಿದುಳುಗಳಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾದ ಕಪ್ಪು ಕೋಶಗಳನ್ನು ಎಣಿಸಿದರು. ಬ್ರಿಟನ್ನಿನ ಮಿದುಳುಗಳಿಗಿಂತ ಸುಮಾರು ಶೇಕಡಾ 40ರಷ್ಟು ಕಡಿಮೆ ಇದ್ದವು. ವಯಸ್ಸಾದಂತೆ ಮತ್ತೆ ಇಳಿಯಲೂ ಇಲ್ಲ. ಹೊರಗಿನ ಅಂಕಿಗಳನ್ನು ನಮ್ಮ ಮೇಲೆ ಹಾಗೇ ಹೊರಿಸಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಕೋಲಾರದ ಶ್ರೀನಿವಾಸಪುರ ತಾಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ: ರಕ್ತ, ನೆನಪಿನ ಪರೀಕ್ಷೆ, ಸ್ಕ್ಯಾನ್. ಅದರ ಮುಖ್ಯ ಕಾಳಜಿ ಮರೆವಿನ ಕಾಯಿಲೆ. ನಡುಕದ ಕಾಯಿಲೆಗೂ ಇಂಥದ್ದೇ ಕೆಲಸ ಕಬ್ಬಿನ ಈ ನಾಡಿನಲ್ಲಿ, ಬೀಳಗಿ ಮುಧೋಳದ ಹಳ್ಳಿಗಳಲ್ಲಿ ಆಗಬೇಕೆಂಬುದು ನನ್ನ ಆಸೆ.

ಡಾಕ್ಟರು ಲೆವೊಡೋಪಾ ಬರೆಯುತ್ತಾರೆ. ಬೇಲಿಯಲ್ಲಿ ಬೆಳೆಯುವ ನಸುಗುನ್ನಿಯ ಬೀಜದಿಂದ ಇದೇ ವಸ್ತುವನ್ನು ಬೇರ್ಪಡಿಸಿದ್ದನ್ನು ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಪ್ರಕಟಿಸಿದ್ದರು. ಹಾಗೆಂದು ಬೀಜ ಕುಟ್ಟಿ ತಿನ್ನುವಂತಿಲ್ಲ. ಪ್ರಮಾಣ ಹದ ತಪ್ಪುತ್ತದೆ.

"ಊಟಕ್ಕ ಅರ್ಧಾ ತಾಸು ಮೊದಲ ತಗೋಬೇಕು ಅಜ್ಜಾರ. ಬ್ಯಾಳಿ, ಹಾಲಿನ ಜೋಡಿ ಬ್ಯಾಡ, ಗುಳಿಗಿ ಸರಿಯಾಗಿ ಹತ್ತಂಗಿಲ್ಲ."

"ಶುಗರಿನ ಗುಳಿಗಿ ಬಿಡ್ಲೇನ್ರಿ?"

"ಅದನ್ನ ಬಿಡಬ್ಯಾಡ್ರಿ. ಮೂರು ತಿಂಗಳ ಸರಾಸರಿ ಶುಗರಿನ ತಪಾಸ್ ಬರದೇನಿ, ಕೆಳಗ ಲ್ಯಾಬಿನ್ಯಾಗ ಇವತ್ತ ರಕ್ತಾ ಕೊಟ್ಟು ಹೋಗ್ರಿ."